ಹನ್ನೆರಡು ಸುತ್ತು, ಹನ್ನೊಂದು ರೊಟ್ಟಿ

ನಮ್ಮಪ್ಪನದು ದೇವದುರ್ಗದಲ್ಲಿ ಟಿವಿ ರಿಪೇರಿ ಅಂಗಡಿ. ಕೆಟ್ಟ ಟಿವಿ ಸರಿಯಾದ ಮೇಲೆ, ಗಿರಾಕಿಗೆ ಕೊಡುವ ಮೊದಲು ಅವನು ಅದರಲ್ಲಿ ಬಾಕ್ಸಿಂಗ್ ಹಾಕಿ ನೋಡುತ್ತಿದ್ದ. ಆಟದ ಮೇಲೆ ಪ್ರೀತಿ ಇತ್ತೆಂದಲ್ಲ. ಯಾರು ಯಾರಿಗೆ ಹೊಡೆಯುತ್ತಾರೆ ಎನ್ನುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ರಿಂಗಿನ ಒಂದು ಮೂಲೆ ಕೆಂಪು, ಅದರ ಎದುರಿನದು ನೀಲಿ, ಉಳಿದೆರಡು ಬಿಳಿ. ಬಣ್ಣ ಸರಿ ಬರುತ್ತಿದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಸುತ್ತಲಿನ ಹಗ್ಗಗಳು ನೆಟ್ಟಗೆ ಕಾಣಬೇಕು. ಬಾಗಿದ್ದರೆ ಟಿವಿಗೆ ಇನ್ನೂ ಔಷಧ ಬೇಕು ಎಂದು ಅರ್ಥ. ಕೈ ಬೀಸಿದಾಗ ಹಿಂದೆ ನೆರಳು ಉಳಿಯಬಾರದು.

“ಧಾರಾವಾಹಿ ಹಾಕಿದ್ರ ಅಳೋರ ಮಾರಿ ಅಷ್ಟೇ ಕಾಣತದ,” ಎನ್ನುತ್ತಿದ್ದ. “ಟಿವಿ ಹೆಂಗದ ಅಂತ ಗೊತ್ತಾಗಬೇಕಂದ್ರ ಬಡದಾಡೋರನ್ನ ಹಾಕಬೇಕು.”

ನಾನು ಶಾಲೆ ಬಿಟ್ಟವಳು ನೇರ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂಡುತ್ತಿದ್ದೆ. ಅಪ್ಪ ಹಗ್ಗ ನೋಡುತ್ತಿದ್ದ, ನಾನು ಹಗ್ಗದ ಒಳಗಿನವರನ್ನು ನೋಡುತ್ತಿದ್ದೆ. ಇಂಗ್ಲಿಷ್ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಪ್ರತಿ ಸುತ್ತು ಮುಗಿದಾಗ ತೆರೆಯ ಮೇಲೆ ಅಂಕ ಬರುತ್ತಿತ್ತು. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು, ನೆಲಕ್ಕೆ ಬಿದ್ದು ಎದ್ದವನಿಗೆ ಎಂಟು. ಮೂರನೇ ಕ್ಲಾಸಿನ ಹುಡುಗಿಗೆ ಇಷ್ಟು ಸಾಕು. ಕೈಗವಸಿಗೆ ತಾಗಿದ ಏಟಿಗೆ ಅಂಕವಿಲ್ಲ, ಮುಖಕ್ಕೋ ಪಕ್ಕೆಗೋ ಸ್ವಚ್ಛವಾಗಿ ಬಿದ್ದದ್ದಕ್ಕೆ ಮಾತ್ರ ಅಂಕ ಎನ್ನುವುದನ್ನು ನೋಡಿ ನೋಡಿಯೇ ಕಲಿತೆ.

ಒಂದೇ ಒಂದು ತೊಂದರೆ ಇತ್ತು. ಆ ಟಿವಿಗಳು ನಮ್ಮವಲ್ಲ. ಒಮ್ಮೆ ಅರಕೇರಾದ ಗಿರಾಕಿಯೊಬ್ಬ ಏಳನೇ ಸುತ್ತಿನ ನಡುವೆ ಬಂದು, ಟಂಟಂ ಆಟೊ ಹೊರಡುತ್ತದೆ ಎಂದು ಅವಸರ ಮಾಡಿ, ಟಿವಿಯನ್ನು ಹೆಗಲಿಗೆ ಏರಿಸಿಕೊಂಡ. ನಾನು ವೈರು ಹಿಡಿದುಕೊಂಡು ಬಿಡಲಿಲ್ಲ.

“ಯಪ್ಪಾ, ಇನ್ನ ಐದು ಸುತ್ತು ಅದಾವ!”

“ನಮ್ಮ ಮನಿಗಿ ಬಾರವ್ವ, ಅಲ್ಲೇ ನೋಡುವಂತಿ,” ಎಂದು ಆ ಮನುಷ್ಯ ನಕ್ಕ. ಅಂಗಡಿಯಲ್ಲಿ ಉಳಿದ ಟಿವಿಗಳೆಲ್ಲ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದವು. ಅವತ್ತು ಯಾರು ಗೆದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದರ ಸಿಟ್ಟು ಮಾತ್ರ ಇನ್ನೂ ಇದೆ.

ಡಿಗ್ರಿಗೆ, ಆಮೇಲೆ ಬಿ.ಎಡ್.ಗೆ ರಾಯಚೂರಿಗೆ ಬಂದೆ. ಹಾಸ್ಟೆಲಿನಲ್ಲಿ ಒಂದು ಟಿವಿ, ಅರವತ್ತು ಹುಡುಗಿಯರು. ಬಾಕ್ಸಿಂಗ್ ಹಾಕೋಣ ಎಂದರೆ ನನ್ನನ್ನೇ ಬಡಿಯುತ್ತಿದ್ದರು. ತೀನ್ ಕಂದೀಲ್ ಹತ್ತಿರ ಒಂದು ದೊಡ್ಡ ಟಿವಿ ಅಂಗಡಿ ಇತ್ತು. ಭಾನುವಾರ ಬೆಳಿಗ್ಗೆ ಅದರ ಗಾಜಿನ ಹೊರಗೆ ನಿಂತರೆ ಒಳಗಿನ ಹನ್ನೆರಡು ಟಿವಿಗಳಲ್ಲೂ ಒಂದೇ ಪಂದ್ಯ, ಸದ್ದಿಲ್ಲದೆ. ಕಾವಲುಗಾರ ಪಾಪ ಮರ್ಯಾದೆಯವನು. “ಅಕ್ಕಾರ, ತಗೊಳ್ಳೋರಿದ್ರ ಒಳಗ ಬರ್ರಿ, ಬರೇ ನೋಡೋರಿದ್ರ ಸ್ವಲ್ಪ ಬಾಜೂಕ ಸರೀರಿ,” ಎನ್ನುತ್ತಿದ್ದ. ನಾನು ಪಕ್ಕಕ್ಕೆ ಸರಿದು ಅಲ್ಲಿಂದಲೇ ನೋಡುತ್ತಿದ್ದೆ. ಸದ್ದು ಇಲ್ಲದಿದ್ದರೆ ಕಣ್ಣು ಕಾಲಿನ ಕಡೆ ಹೋಗುತ್ತದೆ. ಬಾಕ್ಸಿಂಗ್ ಕೈಯಾಟ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಕಾಲಿನ ಆಟ ಎಂದು ನನಗೆ ತಿಳಿದದ್ದು ರಾಯಚೂರಿನ ಆ ಫುಟ್‌ಪಾತಿನ ಮೇಲೆ, ಬೆನ್ನು ಸುಡುವ ಬಿಸಿಲಿನಲ್ಲಿ.

ಕನ್ಯೆ ನೋಡಲು ಬಂದಾಗ ಹವ್ಯಾಸ ಏನೆಂದು ಕೇಳಿದರು. ಅವ್ವ ಹಿಂದಿನಿಂದ ಚಿವುಟಿದಳು. “ಓದೋದ್ರಿ,” ಎಂದೆ. ಹಾಗೆ ಮಾನ್ವಿಗೆ ಸೊಸೆಯಾಗಿ ಬಂದೆ. ಪೋತ್ನಾಳದ ಹೈಸ್ಕೂಲಿನಲ್ಲಿ ಟೀಚರ್ ಕೆಲಸವೂ ಸಿಕ್ಕಿತು.

ಮದುವೆಯಾದ ಮೊದಲ ಭಾನುವಾರ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೂತಿದ್ದೆ. ಪಡಸಾಲೆಯಿಂದ ಗಂಟೆಯ ಸದ್ದು ಕೇಳಿತು. ಅದು ದೇವರ ಗಂಟೆಯಲ್ಲ. ಆ ಸದ್ದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಸುತ್ತು ಶುರುವಾಗುವ ಗಂಟೆ ಅದು. ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

“ನಿಮ್ಮ ಮಾವಾರ ಹುಚ್ಚದು,” ಎಂದರು ಅತ್ತೆ. “ಐತವಾರ ಒಂದು ದಿನ. ಯಾರ ಮಾತೂ ಕೇಳಂಗಿಲ್ಲ.”

ಮಾವ ಅಕ್ಕಿ ಗಿರಣಿಯಲ್ಲಿ ನೆಲ್ಲು ನೋಡಿ ಖರೀದಿ ಮಾಡುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರು. ಒಂದು ಕಾಳು ಹಲ್ಲಿನಲ್ಲಿ ಕಡಿದು ಅದರಲ್ಲಿ ಎಷ್ಟು ಹಸಿ ಉಳಿದಿದೆ ಎಂದು ಹೇಳುತ್ತಿದ್ದರಂತೆ. ಮೊದಲು ಕುಸ್ತಿಯ ಹುಚ್ಚು. ಸುತ್ತಲಿನ ಹಳ್ಳಿಗಳಲ್ಲಿ ಕುಸ್ತಿ ಕಡಿಮೆಯಾದ ಮೇಲೆ ಟಿವಿಯಲ್ಲಿ ಬಾಕ್ಸಿಂಗ್ ಹಿಡಿದುಕೊಂಡರು. ಅಮೆರಿಕದ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಿಗ್ಗೆ. ಲಿಂಗಪೂಜೆ ಮುಗಿಯದೆ ಅವರು ನೀರು ಸಹ ಮುಟ್ಟುವವರಲ್ಲ. ಹಾಗಾಗಿ ವಾರದ ಆರು ದಿನ ಏಳೂವರೆಗೆ ಕೂಡುತ್ತಿದ್ದ ಪೂಜೆ ಭಾನುವಾರ ಮಾತ್ರ ಆರೂವರೆಗೆ. ಅವರ ಗೆಳೆಯ, ಪಕ್ಕದ ಗೊಬ್ಬರದ ಅಂಗಡಿಯ ಸಾಹುಕಾರರು, “ಬಾಕ್ಸಿಂಗ್ ಸಲುವಾಗಿ ಶಿವನ ಟೈಮ್ ಬದಲಿ ಮಾಡಿದ ಮನಶಾ ನೀ ಒಬ್ಬನ,” ಎಂದು ಚೇಷ್ಟೆ ಮಾಡುತ್ತಿದ್ದರು. ಅವರೂ ಪ್ರತಿ ಭಾನುವಾರ ಬರುತ್ತಿದ್ದರು, ಚಹಾಕ್ಕೆ.

ನನ್ನ ಗಂಡನಿಗೆ ಬಾಕ್ಸಿಂಗ್ ಎಂದರೆ ತಲೆನೋವು. ಭಾನುವಾರ ಹೊಲಕ್ಕೆ ಹೋಗಿಬಿಡುತ್ತಿದ್ದ. ಮನೆಯಲ್ಲಿ ಇಬ್ಬರಿಗೆ ಒಂದೇ ಹುಚ್ಚು, ಆದರೆ ಅವರಲ್ಲಿ ಒಬ್ಬರು ಮಾವ, ಇನ್ನೊಬ್ಬರು ಸೊಸೆ. ನಮ್ಮ ಕಡೆ ಸೊಸೆ ಮಾವನ ಮುಂದೆ ಕೂಡುವುದಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಲ್ಲಬೇಕು, ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳುತ್ತಾರೆ. ಹೊರಗೆ ನಲವತ್ತು ಮಕ್ಕಳ ಮುಂದೆ ಗಂಟಲು ಹರಿಯುವಂತೆ ಪಾಠ ಮಾಡುವವಳು ಮನೆಗೆ ಬಂದರೆ ಪಿಸುಮಾತು.

ಟಿವಿ ಅಡುಗೆಮನೆಯ ಗೋಡೆಗೇ ಬೆನ್ನು ಹಚ್ಚಿ ನಿಂತಿತ್ತು. ಒಳಗಿನಿಂದ ಕಾಣುವ ಮಾತೇ ಇಲ್ಲ. ಆದರೆ ಅದರ ಎದುರಿನ ಗೋಡೆಗೆ ಗಾಜಿನ ಬಾಗಿಲಿನ ಶೋಕೇಸ್ ಇತ್ತು. ರೊಟ್ಟಿ ತಟ್ಟುವ ಜಾಗವನ್ನು ಎರಡು ಮೊಳ ಈ ಕಡೆ ಸರಿಸಿಕೊಂಡರೆ ಆ ಗಾಜಿನಲ್ಲಿ ಇಡೀ ಟಿವಿ ಕಾಣುತ್ತಿತ್ತು. ಪಿಂಗಾಣಿ ಬಸವಣ್ಣನ ಮೇಲೂ ಸ್ಟೀಲಿನ ಲೋಟಗಳ ಮೇಲೂ ಇಬ್ಬರು ಬಡಿದಾಡುವುದನ್ನು ನಾನು ಒಂದು ವರ್ಷ ನೋಡಿದೆ. ಗಾಜಿನಲ್ಲಿ ಎಲ್ಲವೂ ಎಡಬಲ. ಬಲಗೈಯವನು ಎಡಚನಾಗಿ ಕಾಣುತ್ತಿದ್ದ, ಎಡಚ ಬಲಗೈಯವನಾಗಿ. ನಾನು ತಲೆಯಲ್ಲೇ ತಿರುವಿ ಹಾಕಿಕೊಳ್ಳುತ್ತಿದ್ದೆ.

ಅಷ್ಟೇ ಅಲ್ಲ, ಕೆಲಸವನ್ನೂ ಅದಕ್ಕೆ ಹೊಂದಿಸಿಕೊಂಡೆ. ಮೂರು ನಿಮಿಷದ ಸುತ್ತು, ಒಂದು ನಿಮಿಷದ ಬಿಡುವು. ಆ ಒಂದು ನಿಮಿಷದಲ್ಲಿ ಒಂದು ರೊಟ್ಟಿ ತಟ್ಟಿ ಹೆಂಚಿಗೆ ಹಾಕಬಹುದು. ಸುತ್ತಿನ ನಡುವೆ ಬೇಯುತ್ತಿರುತ್ತದೆ, ತಿರುವಲು ಕಣ್ಣು ಬೇಕಿಲ್ಲ. ಹನ್ನೆರಡು ಸುತ್ತಿಗೆ ಹನ್ನೊಂದು ಬಿಡುವು, ಹನ್ನೊಂದು ರೊಟ್ಟಿ. ನಮ್ಮ ಮನೆಗೆ ಸರಿಹೋಗುತ್ತಿತ್ತು. ಯಾರಾದರೂ ಮೂರನೇ ಸುತ್ತಿಗೇ ಎದುರಾಳಿಯನ್ನು ಕೆಡವಿಬಿಟ್ಟರೆ ಬುಟ್ಟಿಯಲ್ಲಿ ಎರಡೇ ರೊಟ್ಟಿ ಇರುತ್ತಿದ್ದವು. ಅತ್ತೆ, “ಇವತ್ತ್ಯಾಕ ಕೈ ನಿಧಾನ ಆಗ್ಯಾವ?” ಎಂದು ಕೇಳುತ್ತಿದ್ದರು. ಏನೆಂದು ಹೇಳಲಿ.

ಗುಟ್ಟು ರಟ್ಟಾದದ್ದು ನನ್ನ ಬಾಯಿಯಿಂದಲೇ. ಒಂದು ಭಾನುವಾರ ಒಬ್ಬ ಬಾಕ್ಸರ್ ಪಕ್ಕೆಗೆ ಒಂದು ಏಟು ತಿಂದ. ಅಂಥ ದೊಡ್ಡ ಏಟಿನಂತೆಯೂ ಕಾಣಲಿಲ್ಲ. ಎರಡು ಹೆಜ್ಜೆ ಹಾಕಿದ, ಆಮೇಲೆ ಮುಖ ಹಿಂಡಿ ಮಂಡಿಯೂರಿ ಕೂತ. ರೆಫರಿ ಎಣಿಸಲು ಶುರು ಮಾಡಿದ.

“ನಾಟಕ ಮಾಡಾಕತ್ತಾನ ಮಗ,” ಎಂದರು ಸಾಹುಕಾರರು.

“ಬೆನ್ನು ಎಲ್ಲಿ ನೆಲಕ್ಕ ಹತ್ತ್ಯದ?” ಎಂದು ಮಾವ ಕೂಗಿದರು. “ಬೆನ್ನು ಹತ್ತದ ಹೆಂಗ ಸೋತಾನ? ಏಳಲೇ!”

ಕುಸ್ತಿಯ ಕಣದಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮಾತ್ರ ಸೋಲು. ಮಾವ ಅದೇ ಕಾನೂನನ್ನು ಅಮೆರಿಕಕ್ಕೂ ಹಚ್ಚಿದ್ದರು. ಬೋರಲಾಗಿ ಬಿದ್ದವರೆಲ್ಲ ಅವರ ಪಾಲಿಗೆ ಸೋಲದವರೇ. ಒಂದು ವರ್ಷದಿಂದ ಇದನ್ನು ಕೇಳಿ ಕೇಳಿ ನನ್ನ ಹಲ್ಲು ಸವೆದಿದ್ದವು. ಅವತ್ತು ತಡೆಯಲಿಲ್ಲ.

“ನಾಟಕ ಅಲ್ರೀ ಅದು! ಲಿವರ್‌ಗೆ ಬಿದ್ದದ! ಅಲ್ಲಿ ಬಿದ್ರ ಯಾಂವಗೂ ಏಳಾಕ ಆಗಂಗಿಲ್ಲ. ಬಲಗೈ ಏಟು ನೋಡ್ರಿ, ಎಷ್ಟು ಚಂದ ಕೊಟ್ಟಾನ!”

ಟಿವಿಯೊಂದೇ ಗದ್ದಲ ಮಾಡುತ್ತಿತ್ತು. ಅತ್ತೆ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ನೆಲ ಬಾಯಿ ಬಿಟ್ಟರೆ ಒಳಗೆ ಹೋಗೋಣ ಎಂದುಕೊಂಡು ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಮಾವ ಹೆಂಡತಿಯನ್ನು ಕರೆದು, ನನಗೆ ಕೇಳುವಷ್ಟು ಜೋರಾಗಿ ಹೇಳಿದರು: “ಹೇಳು ಅಕಿಗಿ, ಲಿವರ್ ಅಂದಿದ್ದು ಖರೆ ಅದ. ಈಗ ಮತ್ತೊಮ್ಮೆ ತೋರಿಸಿದ್ರು. ಆದ್ರ ಹೊಡದಿದ್ದು ಎಡಗೈಲೆ. ಬಲಗೈ ಅಂತಾಳಲ್ಲ, ಯಾಕ?”

ಸಿಟ್ಟಿನಲ್ಲಿ ತಿರುವಿ ಹಾಕುವುದು ಮರೆತುಹೋಗಿತ್ತು. ಲಿವರ್ ಇರುವುದು ಬಲಗಡೆ, ಎದುರಿಗಿರುವವನ ಎಡಗೈಯೇ ಅಲ್ಲಿಗೆ ತಲುಪಬೇಕು ಎನ್ನುವುದು ಗೊತ್ತಿದ್ದೂ ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳಿದ್ದೆ. ಮಾವ ಪಡಸಾಲೆಯಲ್ಲಿ ಎದ್ದು ಓಡಾಡಿದ್ದು ಕೇಳಿಸಿತು. ಶೋಕೇಸಿನ ಗಾಜಿನಲ್ಲಿ ಅವರ ಮುಖ ಕಂಡಿತು. ಗಾಜಿನೊಳಗಿಂದ ಅವರು ನೇರ ನನ್ನನ್ನೇ ನೋಡುತ್ತಿದ್ದರು. ಸೆರಗು ಹಣೆಯವರೆಗೆ ಎಳೆದುಕೊಂಡೆ.

ಮುಂದಿನ ಭಾನುವಾರ ಎದ್ದು ಬಂದರೆ ಟಿವಿ ಎದುರಿನ ಗೋಡೆಯಲ್ಲಿತ್ತು, ಶೋಕೇಸ್ ಮೂಲೆಗೆ ಹೋಗಿತ್ತು. ಅಡುಗೆಮನೆಯ ಬಾಗಿಲಿಗೆ ನೇರ. ಯಾಕೆಂದು ಅತ್ತೆ ಕೇಳಿದ್ದಕ್ಕೆ, “ಅಲ್ಲಿ ಬಿಸಲು ಹೊಡಿತಿತ್ತು,” ಎಂದರಂತೆ. ಅಲ್ಲಿ ಬಿಸಿಲು ಬೀಳಲು ಕಿಟಕಿಯೇ ಇರಲಿಲ್ಲ. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿತು. ಮಾವ ಎಂಬ ಗೌರವ ಮೊದಲೇ ಇತ್ತು, ಅದು ಬೇರೆ ಮಾತು.

ಆಮೇಲೆ ಅತ್ತೆಯ ಪಾಡು ಯಾರಿಗೂ ಬೇಡ. ಮಾವ ಪಡಸಾಲೆಯಿಂದ, “ಕೇಳು ಅಕಿಗಿ, ಈ ಸುತ್ತು ಯಾರ್ದು?” ಎನ್ನುವುದು. ನಾನು ಒಳಗಿನಿಂದ, “ಅತ್ತಿ, ಬಿಳಿ ಚಡ್ಡ್ಯಾಂವಂದು ಅಂತ ಹೇಳ್ರಿ,” ಎನ್ನುವುದು. “ಅಂವ ಹಿಂದ ಹಿಂದ ಸರಿಯಾಕತ್ತಾನಂತ ಹೇಳು.” “ಹಿಂದ ಸರದ್ರೂ ಅವನ ಏಟ ಮಾರಿಗಿ ಬೀಳಾಕತ್ತಾವಂತ ಹೇಳ್ರಿ.” ನಡುವೆ ಬಾಗಿಲಲ್ಲಿ ನಿಂತು ಅತ್ತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಮೂರು ಭಾನುವಾರ ತಡೆದರು. ನಾಲ್ಕನೆಯದಕ್ಕೆ ಮೆಣಸಿನಕಾಯಿಯ ಮೊರ ಎತ್ತಿ ಇಟ್ಟು, “ನಾನೇನು ಟಪಾಲಿನಕೀನ? ನಿಮ್ಮ ಬಡದಾಟ ನೀವ ಬಡದಾಡ್ರಿ,” ಎಂದು ಹಿತ್ತಲಿಗೆ ಹೋಗಿಬಿಟ್ಟರು. ಹೀಗೆ ನಮ್ಮ ಮನೆಯಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವ ಪದ್ಧತಿ ಶುರುವಾಯಿತು.

ನಮ್ಮ ಜಗಳ ಒಂದೇ. ಮಾವನಿಗೆ ಮುಂದೆ ನುಗ್ಗುವವನೇ ಗಂಡಸು. ಅವರ ಮೆಚ್ಚಿನವನೊಬ್ಬನಿದ್ದ, ಗಿಡ್ಡ ಕೈ, ದಪ್ಪ ಕುತ್ತಿಗೆ, ಗಂಟೆ ಬಾರಿಸಿದ ಕೂಡಲೇ ತಲೆ ತಗ್ಗಿಸಿ ನುಗ್ಗುವವನು. ಅವನಿಗೆ ಮಾವ ಇಟ್ಟ ಹೆಸರು ಹೋರಿ. ಹೋರಿ ಬೀಸಿದ ಹತ್ತರಲ್ಲಿ ಏಳು ಏಟು ಎದುರಿನವನ ಕೈಗವಸಿಗೇ ಬೀಳುತ್ತಿದ್ದವು. “ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳಾಕತ್ತಾನ್ರಿ ನಿಮ್ಮ ಹೋರಿ,” ಎನ್ನುತ್ತಿದ್ದೆ. ಅವನು ಸೋತಾಗ ಮಾವ ಜಡ್ಜ್‌ಗಳನ್ನು ಬೈಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, “ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂದಂಗಾತು,” ಎಂದರೆ, ಅವರು ತಮ್ಮ ಬಿಳಿ ಮೀಸೆ ಒರೆಸಿಕೊಂಡು, “ನೋಡು, ಎಲ್ಲ್ಯದ ಮಣ್ಣು?” ಎನ್ನುತ್ತಿದ್ದರು.

ಇದೆಲ್ಲ ನಿಂತೇ. ಎಂಟು ವರ್ಷ ನಿಂತೆ. ಕೇಬಲ್ ಹೋಗಿ ಇಂಟರ್ನೆಟ್ಟಿನ ದೊಡ್ಡ ಟಿವಿ ಬಂತು, ನನಗೆ ಇಬ್ಬರು ಮಕ್ಕಳಾದರು, ಹೊಟ್ಟೆಯಲ್ಲಿ ಏಳು ತಿಂಗಳ ಕೂಸನ್ನು ಹೊತ್ತು ಸಹ ಹೊಸ್ತಿಲ ಈ ಕಡೆ ನಿಂತೇ ನೋಡಿದೆ. ಸಾಹುಕಾರರು ಮಾತ್ರ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದರು. ಅವರಿಗೆ ಎಡಗೈ ಏಟಿಗೂ ನಮಸ್ಕಾರಕ್ಕೂ ವ್ಯತ್ಯಾಸ ತಿಳಿಯದು. “ಹೊಡದ! ಮತ್ತ ಹೊಡದ!” ಇಷ್ಟೇ ಅವರ ಜ್ಞಾನ. ಅವರ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಯಾವಾಗಲೂ ಖಾಲಿ ಇರುತ್ತಿತ್ತು. ನನಗೆ ಆ ಕುರ್ಚಿ ಬೇಕಿತ್ತು. ಕಾಲು ನೋಯುತ್ತವೆ ಎಂದಲ್ಲ. ಅದರಲ್ಲಿ ಕೂತರೆ ನಾನು ಬಾಗಿಲಿಂದ ಒದರುವ ಸೊಸೆಯಾಗಿ ಉಳಿಯದೆ, ಆಟ ಬಲ್ಲವಳಾಗುತ್ತೇನೆ ಎಂದು ನನ್ನ ಹಟ.

ಒಮ್ಮೆ ಅತ್ತೆಗೆ ಹೇಳಿಯೇಬಿಟ್ಟೆ. ಅವರು ಬೈಯಲಿಲ್ಲ. “ನಮ್ಮ ಮಾವ ಇರೋಮಟಾ ಹತ್ತೊಂಬತ್ತು ವರ್ಷ ನಾ ಅವ್ರ ಮುಂದ ಕುಂತಿಲ್ಲ,” ಎಂದರು. “ಕುಂದರಬೇಕು ಅಂತ ನನಗೂ ಅನಸ್ತಿತ್ತು. ಏನ್ ಮಾಡೋದು, ಕುಂದ್ರು ಅಂತ ಯಾರೂ ಅನಲಿಲ್ಲ.” ಅದಾದ ಮೇಲೆ ಅವರ ಮುಂದೆ ಆ ಮಾತು ಎತ್ತಲು ನನಗೇ ಮನಸ್ಸಾಗಲಿಲ್ಲ.

ಹೋದ ವರ್ಷ ಮಾವನಿಗೆ ಕಣ್ಣಿನ ಪೊರೆ ತೆಗೆಸಿದೆವು, ರಾಯಚೂರಿನಲ್ಲಿ. ಡಾಕ್ಟರು ಕೆಲವು ದಿನ ಕಣ್ಣಿಗೆ ದಣಿವು ಮಾಡಬೇಡಿ ಎಂದಿದ್ದರು. ಅತ್ತೆ ಅದನ್ನು ಹದಿನೈದು ದಿನ ಟಿವಿ ಬಂದ್ ಎಂದು ತಿದ್ದಿದರು. ಕರಿ ಕನ್ನಡಕ ಹಾಕಿ ಮಂಚದ ಮೇಲೆ ಕೂರಿಸಿದರು. ಸರಿಯಾಗಿ ಆ ವಾರವೇ ಹೋರಿಯ ದೊಡ್ಡ ಪಂದ್ಯ. ಎದುರಾಳಿ ಉದ್ದ ಕೈಯವನು, ಅವನಿಗಿಂತ ಹತ್ತು ವರ್ಷ ಚಿಕ್ಕವನು. ಹೋರಿಗೆ ಇದು ಕಡೆಯ ಪಂದ್ಯ ಇರಬಹುದು ಎಂದು ಎಲ್ಲರೂ ಮಾತಾಡುತ್ತಿದ್ದರು.

ಅತ್ತೆ ಮಾವನ ನಡುವೆ ಎರಡು ದಿನ ಪಂಚಾಯಿತಿ ನಡೆಯಿತು. ಕೊನೆಗೆ ಒಪ್ಪಂದವಾಯಿತು: ಟಿವಿ ಹಚ್ಚಬಹುದು, ಆದರೆ ಮಾವ ಅದಕ್ಕೆ ಬೆನ್ನು ಮಾಡಿ ಕೂಡಬೇಕು. ಲಿಂಗ ಮುಟ್ಟಿ ಮಾತು ಕೊಟ್ಟರು. ಭಾನುವಾರ ಪೂಜೆ ಮುಗಿಸಿ, ವಿಭೂತಿ ಹಚ್ಚಿ, ಕರಿ ಕನ್ನಡಕ ಹಾಕಿ, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂತರು. ಸಾಹುಕಾರರು ನೋಡಿ ಹೇಳುವ ಹೊಣೆ ಹೊತ್ತರು.

“ಹೊಡದ!” ಎಂದರು ಸಾಹುಕಾರರು.

“ಯಾರು?”

“ಇಂವ. ಮತ್ತ ಹೊಡದ! ಈಗ ಅಂವ ಹೊಡದ!”

ಒಂದು ಸುತ್ತು ಮುಗಿಯಿತು. ಮಾವ ಕ್ಯಾಲೆಂಡರಿಗೇ ಹೇಳಿದರು: “ಇದಕ್ಕಿಂತ ನೀ ಸುಮ್ಮ ಕುಂತ್ರ ಛಲೋ.” ಆಮೇಲೆ ಕುತ್ತಿಗೆ ತಿರುಗಿಸದೆಯೇ ಕರೆದರು. “ಯವ್ವಾ, ಬಾ ಇಲ್ಲಿ. ನೀ ಹೇಳು.”

ಹಿಟ್ಟಿನ ಕೈ ತೊಳೆದು ಹೊಸ್ತಿಲಿಗೆ ಬಂದು ನಿಂತೆ. ಮೊದಲನೆಯದನ್ನು ಒಲೆಯ ಮುಂದಿನಿಂದಲೇ ನೋಡಿದ್ದೆ, ಈಗ ಎರಡನೇ ಸುತ್ತು ಶುರುವಾಗಿತ್ತು. ಹೇಳತೊಡಗಿದೆ.

“ದೂರಿಂದ ಕೇಳಸಂಗಿಲ್ಲ. ಹಿಂದ ಆ ಕುರ್ಚಿ ಅದಲ್ಲ, ಅದರ ಮ್ಯಾಲ ಕುಂತು ಹೇಳು.”

ಎಂಟು ವರ್ಷ ಬಯಸಿದ್ದು ಎದುರಿಗೆ ಬಂದರೆ ಕಾಲು ಏಳಲಿಲ್ಲ. ಅತ್ತೆಯ ಮುಖ ನೋಡಿದೆ. ಅವರಿಗೆ ಹತ್ತೊಂಬತ್ತು ವರ್ಷ ಯಾರೂ ಅನ್ನದ ಮಾತನ್ನು ಮಾವ ನನಗೆ ಅಂದಿದ್ದರು. ಅತ್ತೆ ಮೆಲ್ಲಗೆ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ದೂಡಿದರು. “ಕುಂದ್ರು ಅಂದ್ರಲ್ಲ, ಕುಂದ್ರು ಹೋಗು. ರೊಟ್ಟಿ ನಾ ತಟ್ಟತೀನಿ.”

ಕೂತೆ. ಕುರ್ಚಿಯ ಒಂದು ಕಾಲು ಗಿಡ್ಡ ಇತ್ತು, ಅಲುಗಾಡುತ್ತಿತ್ತು. ನಾನು ಮಾವನ ಬೆನ್ನಿಗೆ ಬೆನ್ನು ಮಾಡಿ ಟಿವಿಯನ್ನು ನೋಡುತ್ತಾ ಹೇಳಿದೆ. ಕಾಲಿನಿಂದ ಶುರು ಮಾಡಿದೆ. ಹೋರಿಯ ಎಡಗಾಲು ಎಲ್ಲಿದೆ, ಉದ್ದ ಕೈಯವನು ಯಾವ ಕಡೆ ಸುತ್ತುತ್ತಿದ್ದಾನೆ, ಯಾವ ಏಟು ತಾಗಿತು, ಯಾವುದು ಕೈಗವಸಿಗೆ ಹೋಯಿತು. ಮಾವ ಹೂಂಗುಟ್ಟುತ್ತಿದ್ದರು. ಐದನೇ ಸುತ್ತಿನವರೆಗೆ ಹೋರಿಯದೇ ಆಟ. ಅದನ್ನೂ ಇದ್ದಂತೆ ಹೇಳಿದೆ. ಓರೆಗಣ್ಣಿಗೆ ಮಾವನ ಹೆಗಲು ಕುಣಿಯುವುದು ಕಾಣುತ್ತಿತ್ತು. ಆರರಿಂದ ಹೋರಿಯ ಹೆಜ್ಜೆ ಭಾರವಾದವು. ಮುಂದೆ ಹೋಗುತ್ತಿದ್ದ, ಆದರೆ ಹೋದಾಗಲೆಲ್ಲ ಉದ್ದನೆಯ ಎಡಗೈ ಬಂದು ಮುಖಕ್ಕೆ ತಾಗುತ್ತಿತ್ತು. ಒಂಬತ್ತನೇ ಸುತ್ತಿನಲ್ಲಿ ಅವನ ಹುಬ್ಬು ಒಡೆಯಿತು.

ಬಿಡುವಿನಲ್ಲಿ ಅತ್ತೆ ಬಂದು ನನ್ನ ಕಿವಿಯಲ್ಲಿ, “ಛಲೋದ ಹೇಳು. ಕಣ್ಣಾಗ ನೀರು ಬರಬಾರದು ಅಂದಾರ ಡಾಕ್ಟರು,” ಎಂದರು. ಸಾಹುಕಾರರೂ ಕಣ್ಣು ಹೊಡೆದರು. ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು. ಮೂರು ಸುತ್ತು, ಮೂರು ಸುಳ್ಳು, ಮಾವ ಖುಷಿಯಾಗಿರುತ್ತಿದ್ದರು. ಆದರೆ ಹಾಗೆ ಹೇಳಿದರೆ ನಾನು ಕುರ್ಚಿಯಲ್ಲಿ ಕೂತದ್ದು ಯಾಕೆ? ಸಮಾಧಾನ ಮಾಡಲು ಮನೆಗೆ ಬೇಕಾದಷ್ಟು ಮಂದಿ ಇದ್ದರು. ಮಾವ ನನ್ನನ್ನು ಕರೆದದ್ದು ನೋಡಲಿಕ್ಕೆ.

“ಮಾವಾರ, ಹುಬ್ಬು ಒಡದದ,” ಎಂದೆ. “ಮುಂದ ಹೊಂಟಾನ, ಆದ್ರ ಕಾಲ್ನಾಗ ಶಕ್ತಿ ಇಲ್ಲ. ಈ ಸುತ್ತೂ ಉದ್ದ ಕೈಯಾಂವಂದ.”

ತಿರುಗಿ ನೋಡಿದರೆ ಮಾವನ ಬೆನ್ನು ಸ್ವಲ್ಪ ಬಾಗಿತ್ತು. ಆದರೂ ಹೇಳುವುದನ್ನು ಬಿಡಲಿಲ್ಲ. ಹನ್ನೆರಡನೇ ಸುತ್ತಿನ ಗಂಟೆ ಆಗುವವರೆಗೆ ಹೇಳಿದೆ.

ಮೂವರು ಜಡ್ಜ್‌ಗಳ ಅಂಕ ಓದಿದರು. ಒಬ್ಬ ಉದ್ದ ಕೈಯವನಿಗೆ ಕೊಟ್ಟಿದ್ದ, ಇಬ್ಬರು ಹೋರಿಗೆ. ಹೋರಿಯ ಕೈ ಮೇಲೆತ್ತಿದರು.

“ಗೆದ್ದ! ನಿನ್ನ ಹೋರಿ ಗೆದ್ದ!” ಸಾಹುಕಾರರು ಸೋಫಾದ ಮೇಲೆಯೇ ಎದ್ದು ನಿಂತರು. “ನಾ ಹೇಳಲಿಲ್ಲೇನು? ಸುಮ್ಮ ಹೆದರಿಸಿಬಿಟ್ಟಳು ಈಕಿ. ಪೇಡೆ ತರಸೋ!”

ಮಾವ ಅಲುಗಲಿಲ್ಲ. ಕ್ಯಾಲೆಂಡರಿನ ಕಡೆಯೇ ಮುಖ. ಸಾಹುಕಾರರ ಗದ್ದಲ ಮುಗಿಯುವವರೆಗೆ ಕಾದು ಕೇಳಿದರು:

“ನಿನ್ನ ಪ್ರಕಾರ ಎಷ್ಟವ್ವ?”

“ನೂರಾ ಹದಿನೈದು, ನೂರಾ ಹದಿಮೂರು,” ಎಂದೆ. “ಐದು ಸುತ್ತು ನಿಮ್ಮಾಂವಂದು. ಏಳು ಅವಂದು. ನಿಮ್ಮಾಂವ ಸೋತಾನ್ರಿ ಮಾವಾರ.”

“ಅಲ್ಲೋ, ಮೂರು ಮಂದಿ ಜಡ್ಜ್ ರಿಂಗಿನ ಬಾಜೂಕ ಕುಂತು ನೋಡ್ಯಾರ,” ಎಂದರು ಸಾಹುಕಾರರು. “ಕೈ ಎತ್ತಿ ತೋರಿಸ್ಯಾರ. ಇನ್ನೇನು ಬೇಕು ನಿನಗ?”

“ಅವ್ರು ಅವ್ರ ಕಣ್ಣಿಲೆ ನೋಡ್ಯಾರ,” ಎಂದರು ಮಾವ. “ನಾ ಇವತ್ತು ಈಕಿ ಕಣ್ಣಿಲೆ ನೋಡೀನಿ. ಸೋತಾನ ಅಂದ್ರ ಸೋತಾನ.”

ಸಾಹುಕಾರರು ಏನೋ ಗೊಣಗಿ ಕೂತರು. ಅತ್ತೆ ಚಹಾ ತಂದರು. ಹಳೆಯ ರೂಢಿ, ಅವರು ಬರುವುದು ಕಂಡು ನಾನು ಧಡಕ್ಕನೆ ಎದ್ದೆ. ಕುರ್ಚಿ ಸದ್ದು ಮಾಡಿತು.

“ಎದ್ದಿಯೇನು?” ಎಂದರು ಮಾವ, ಬೆನ್ನು ತಿರುಗಿಸಿಕೊಂಡೇ. “ಕುಂದ್ರವ್ವ. ಮುಂದಿನ ಐತವಾರ ಯಾರ್ ಯಾರದು ಅದ, ಹೇಳು.”